ಬಿಗ್ ಟೆನ್ ಟೈಟ್ ಎಂಡ್‌ಗಳು 2025: ವಾರನ್, ಲವ್‌ಲ್ಯಾಂಡ್ ಹೋದ್ಮೇಲೆ ಯಾರನ್ನ ನೋಡ್ಬೇಕು?

ಪ್ರಶ್ನೆ (ಮೈಸೂರಿನ ಓದುಗರೊಬ್ಬರಿಂದ): ಮಗಳು ಅಮೆರಿಕದ ಕೊಲಂಬಸ್‌ನಲ್ಲಿ ಎಂ.ಎಸ್. ಓದ್ತಿದ್ದಾಳೆ. ಅವಳ ಜೊತೆ ಫೋನಲ್ಲಿ ಮಾತಾಡೋಕೆ ಒಂದು ವಿಷಯ ಸಿಗಲಿ ಅಂತ ಅಲ್ಲಿನ ಕಾಲೇಜ್ ಫುಟ್‌ಬಾಲ್ ನೋಡೋಕೆ ಶುರು ಮಾಡಿದ್ದು, ಈಗ ನನಗೇ ಹುಚ್ಚು ಹಿಡಿದಿದೆ. ಹೋದ ಸೀಸನ್‌ನಲ್ಲಿ ಪೆನ್ ಸ್ಟೇಟ್‌ನ ಟೈಲರ್ ವಾರನ್ ಆಟ ನೋಡಿ, ಎದುರಿನವರನ್ನ ತಳ್ಳೋದೂ ಪಾಸ್ ಹಿಡಿಯೋದೂ ಎರಡೂ ಮಾಡೋ ಟೈಟ್ ಎಂಡ್ ಅನ್ನೋ ಜಾಗದ ಮೇಲೆ ಆಸಕ್ತಿ ಬಂತು. ಈಗ ಅವನೂ ಇಲ್ಲ, ಮಿಷಿಗನ್‌ನ ಲವ್‌ಲ್ಯಾಂಡೂ ಇಲ್ಲ. ಈ ವರ್ಷ ಈ ಕಾಲೇಜ್ ಟೀಮ್‌ಗಳೆಲ್ಲ ಆಡೋ ಬಿಗ್ ಟೆನ್ ಲೀಗ್‌ನಲ್ಲಿ ಟೈಟ್ ಎಂಡ್‌ಗಳಿಗೆ ಬರಗಾಲಾನಾ? ಓಹಾಯೋ ಸ್ಟೇಟ್‌ಗೆ ಬಂದಿರೋ ಮ್ಯಾಕ್ಸ್ ಕ್ಲೇರ್ ವಾರನ್ ಥರ ಮೆರೀತಾನಾ? ಪ್ರೀಸೀಸನ್ ಲಿಸ್ಟ್‌ಗಳು ಒಂದೊಂದು ಒಂದೊಂದು ಹೇಳ್ತಿವೆ, ಯಾವುದನ್ನ ನಂಬೋದು?

ಉತ್ತರ: ನಮಸ್ಕಾರ ಸರ್. ಇದು 2025ರ ಸೀಸನ್ ಶುರುವಾಗೋ ಮುಂಚಿನ ಮಾತು. ಬರಗಾಲ ಖಂಡಿತ ಇಲ್ಲ, ಆದ್ರೆ ಇನ್ನೊಬ್ಬ ವಾರನ್ ಈ ವರ್ಷವೇ ಸಿಗ್ತಾನೆ ಅಂತ ಮಾತ್ರ ಕಾಯ್ಬೇಡಿ, ಅಂಥ ಸೀಸನ್ ಅಪರೂಪಕ್ಕೆ ಬರೋದು. 104 ಕ್ಯಾಚ್, 1,233 ಯಾರ್ಡ್, 8 ಟಚ್‌ಡೌನ್ (ಬಾಲ್ ಸಮೇತ ಎದುರಾಳಿಯ ಗೋಲ್ ಲೈನ್ ದಾಟೋದು), ಅದರ ಮೇಲೆ ಬಾಲ್ ಹಿಡ್ಕೊಂಡು ಓಡಿ ಇನ್ನೂ 4 ಟಚ್‌ಡೌನ್, ಒಬ್ಬ ಟೈಟ್ ಎಂಡ್‌ಗೆ ಇದು ಊಹೆಗೂ ಮೀರಿದ ಲೆಕ್ಕ. ದೇಶದ ಅತ್ಯುತ್ತಮ ಟೈಟ್ ಎಂಡ್‌ಗೆ ಕೊಡೋ ಜಾನ್ ಮ್ಯಾಕಿ ಅವಾರ್ಡ್ ಅವನಿಗೇ ಬಂತು. ನಿಮ್ಮ ಪ್ರಶ್ನೆಗೆ ನೇರ ಉತ್ತರ ಮೊದಲೇ ಹೇಳಿಬಿಡ್ತೀನಿ: ಈ ವರ್ಷ ನನ್ನ ಮೊದಲನೇ ಹೆಸರು ಒರೆಗಾನ್‌ನ ಕೆನ್ಯನ್ ಸಡೀಕ್, ಎರಡನೇದು ನಿಮ್ಮ ಕ್ಲೇರ್, ಮೂರನೇ ಜಾಗಕ್ಕೆ ಪೆನ್ ಸ್ಟೇಟ್‌ನ ಲ್ಯೂಕ್ ರೆನಾಲ್ಡ್ಸ್ ಮತ್ತೆ ಮಿಷಿಗನ್ ಸ್ಟೇಟ್‌ನ ಜ್ಯಾಕ್ ವೆಲ್ಲಿಂಗ್ ಮಧ್ಯೆ ನನಗೇ ಇನ್ನೂ ತೀರ್ಮಾನ ಆಗಿಲ್ಲ. ಆದ್ರೆ ಯಾಕೆ ಅಂತ ಹೇಳದೆ ಬರೀ ಹೆಸರು ಕೊಟ್ರೆ ಅದೂ ಇನ್ನೊಂದು ಲಿಸ್ಟ್ ಆಗುತ್ತೆ ಅಷ್ಟೆ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೀತೀನಿ.

ಪ್ರೀಸೀಸನ್ ಲಿಸ್ಟ್ ಮಾಡೋರಲ್ಲಿ ಹೆಚ್ಚಿನವರು ಹೋದ ವರ್ಷದ ಕ್ಯಾಚ್ ಲೆಕ್ಕ ನೋಡಿ, ಮೇಲಿಂದ ಕೆಳಗೆ ಜೋಡಿಸಿ, ಕಾಲೇಜ್ ಬಿಟ್ಟು ಹೋದವರ ಹೆಸರು ತೆಗೆದು ಕೊಟ್ಟುಬಿಡ್ತಾರೆ. ಪಾಸ್ ಹಿಡಿಯೋದೇ ಮುಖ್ಯ ಕೆಲಸವಾಗಿರೋ ರಿಸೀವರ್‌ಗಳಿಗೆ ಅದು ಒಂದು ಮಟ್ಟಕ್ಕೆ ನಡೆಯುತ್ತೆ. ಟೈಟ್ ಎಂಡ್‌ಗೆ ನಡೆಯಲ್ಲ, ಯಾಕಂದ್ರೆ ಅವನ ಅರ್ಧ ಕೆಲಸ ಯಾವ ಸ್ಕೋರ್‌ಕಾರ್ಡ್‌ಗೂ ಬರಲ್ಲ. ಏಪ್ರಿಲ್‌ನ ಎನ್‌ಎಫ್‌ಎಲ್ ಡ್ರಾಫ್ಟನ್ನೇ ನೋಡಿ, ಅಂದ್ರೆ ವೃತ್ತಿಪರ ಲೀಗ್‌ನ ಟೀಮ್‌ಗಳು ಕಾಲೇಜ್ ಹುಡುಗರನ್ನ ಸರದಿ ಪ್ರಕಾರ ಆರಿಸ್ಕೊಳ್ಳೋದು. ಕೋಲ್ಸ್ಟನ್ ಲವ್‌ಲ್ಯಾಂಡ್ ಹೋದ ವರ್ಷ ಹಿಡಿದಿದ್ದು 56 ಕ್ಯಾಚ್, ವಾರನ್‌ನ ಅರ್ಧದಷ್ಟು ಅಂದ್ಕೊಳ್ಳಿ, ಆದ್ರೂ ಶಿಕಾಗೋದವರು ಅವನನ್ನ 10ನೇ ನಂಬರಿಗೇ ಎತ್ಕೊಂಡ್ರು, ವಾರನ್ ಹೋಗಿದ್ದು 14ನೇ ನಂಬರಿಗೆ ಇಂಡಿಯಾನಾಪೊಲಿಸ್‌ಗೆ. ಮಿಷಿಗನ್‌ನಲ್ಲಿ ಒಂದೇ ಸೀಸನ್‌ಗೆ ಮೂರು ಜನ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯೋನು) ಆದ್ರು, ಬಾಲ್ ನೆಟ್ಟಗೆ ಎಸೆಯೋರೇ ಇರ್ಲಿಲ್ಲ, ಎದುರಾಳಿಗಳಿಗೆಲ್ಲ ಬಾಲ್ ಲವ್‌ಲ್ಯಾಂಡ್ ಕಡೆಗೇ ಬರುತ್ತೆ ಅಂತ ಗೊತ್ತಿತ್ತು, ಅಷ್ಟಿದ್ರೂ 56 ಹಿಡಿದ ಅನ್ನೋದೇ ದೊಡ್ಡ ಮಾತು. ಇನ್ನೂ ಹಿಂದಕ್ಕೆ ಹೋಗೋದಾದ್ರೆ ಐಯೋವಾದ ಜಾರ್ಜ್ ಕಿಟಲ್. ಕಾಲೇಜಲ್ಲಿ ಆಡಿದ ಅಷ್ಟೂ ವರ್ಷ ಸೇರಿ ಬರೀ 48 ಕ್ಯಾಚ್, 2017ರ ಡ್ರಾಫ್ಟ್‌ನಲ್ಲಿ ಐದನೇ ರೌಂಡ್, 146ನೇ ನಂಬರ್. ಆಮೇಲೆ ಎನ್‌ಎಫ್‌ಎಲ್‌ನ ದೊಡ್ಡ ಟೈಟ್ ಎಂಡ್‌ಗಳಲ್ಲಿ ಒಬ್ಬನಾದ. ಕಾಲೇಜಲ್ಲೇ ಅವನ ಬ್ಲಾಕಿಂಗ್ (ಎದುರಿನವರನ್ನ ತಳ್ಳಿ ತಡೆಯೋದು) ಗಮನಿಸಿದವರಿಗೆ ಅದು ಆಶ್ಚರ್ಯ ಅನ್ನಿಸಿರಲ್ಲ.

ಈಗ ಆ ಜಾಗದ ಕೆಲಸ ಏನು ಅಂತ. ಬಾಲ್ ಇರೋ ಗೆರೆಯ ಮೇಲೆ ಕನಿಷ್ಠ ಏಳು ಜನ ನಿಲ್ಲಬೇಕು, ಆ ಸಾಲಿನ ಎರಡು ತುದಿಯಲ್ಲಿ ಇರೋರು ಮಾತ್ರ ಪಾಸ್ ಹಿಡೀಬಹುದು, ಮಧ್ಯದ ಐದು ದೈತ್ಯರಿಗೆ ಆ ಹಕ್ಕಿಲ್ಲ. ಟೈಟ್ ಎಂಡ್ ಅಂದ್ರೆ ಆ ಐದು ಜನಕ್ಕೆ ಅಂಟಿಕೊಂಡೇ ತುದಿಯಲ್ಲಿ ನಿಲ್ಲೋನು. ಅವರ ಜೊತೆ ಸೇರಿ ತಳ್ಳಲೂಬೇಕು, ಬಿಟ್ಟು ಓಡಿಹೋಗಿ ಬಾಲ್ ಹಿಡೀಲೂಬೇಕು. ನಮ್ಮವರಿಗೆ ಬೇಗ ಅರ್ಥ ಆಗೋದು 2003ರ ವರ್ಲ್ಡ್ ಕಪ್‌ನಲ್ಲಿ ರಾಹುಲ್ ದ್ರಾವಿಡ್ ಕೈಗೆ ಕೀಪಿಂಗ್ ಗ್ಲೌಸ್ ಕೊಟ್ಟಿದ್ದು. ಒಬ್ಬನೇ ಎರಡು ಕೆಲಸ ಮಾಡಿದ್ರಿಂದ ಇಂಡಿಯಾ ಏಳು ಬ್ಯಾಟ್ಸ್‌ಮನ್ ಇಟ್ಕೊಂಡು ಆಡೋಕೆ ಆಯ್ತು. ಒಳ್ಳೇ ಟೈಟ್ ಎಂಡ್ ಕೊಡೋದೂ ಅದೇ ಲಾಭ, ಕೋಚ್‌ಗೆ ಒಬ್ಬ ಆಟಗಾರ ಜಾಸ್ತಿ ಸಿಕ್ಕ ಹಾಗೆ.

ಇದು ಮೈದಾನದಲ್ಲಿ ಹೇಗೆ ಕೆಲಸ ಮಾಡುತ್ತೆ ಅನ್ನೋದು ನನಗೆ ಈ ಆಟದಲ್ಲೇ ಅತ್ಯಂತ ಇಷ್ಟವಾದ ಭಾಗ. ಈಗ ಕಾಲೇಜ್ ಫುಟ್‌ಬಾಲ್‌ನಲ್ಲಿ ಡಿಫೆನ್ಸ್‌ಗಳು ಹೆಚ್ಚಾಗಿ ಐದು ಜನ ಡಿಫೆನ್ಸಿವ್ ಬ್ಯಾಕ್‌ಗಳನ್ನ ಇಟ್ಕೊಂಡೇ ಆಡ್ತಾರೆ, ನಿಕಲ್ ಅಂತಾರೆ ಅದಕ್ಕೆ, ಹಗುರ ಮೈಯ, ಚುರುಕಾಗಿ ಓಡೋ ಹುಡುಗರು, ಪಾಸ್ ತಡೆಯೋಕೆ. ಆಗ ಆಫೆನ್ಸ್ ಒಬ್ಬ ರಿಸೀವರ್‌ನ ಆಚೆ ಕಳಿಸಿ ಎರಡನೇ ಟೈಟ್ ಎಂಡ್‌ನ ಒಳಗೆ ತರುತ್ತೆ, ಇದನ್ನ 12 ಪರ್ಸನಲ್ ಅಂತಾರೆ, ಒಬ್ಬ ರನ್ನಿಂಗ್ ಬ್ಯಾಕ್ (ಬಾಲ್ ಹಿಡ್ಕೊಂಡು ಓಡೋನು), ಇಬ್ಬರು ಟೈಟ್ ಎಂಡ್ ಅಂತ ಲೆಕ್ಕ. ಈಗ ಡಿಫೆನ್ಸ್ ಕೋಚ್ ಏನ್ಮಾಡ್ಬೇಕು? ಆ ಹಗುರ ಹುಡುಗನನ್ನೇ ಬಿಟ್ರೆ 110 ಕೆಜಿ ಟೈಟ್ ಎಂಡ್ ಅವನನ್ನ ಪಕ್ಕಕ್ಕೆ ತಳ್ಳಿ ಓಟಕ್ಕೆ ದಾರಿ ಮಾಡ್ತಾನೆ, ಅವನ ಬದಲು ಭಾರದ ಲೈನ್‌ಬ್ಯಾಕರ್ ತಂದ್ರೆ ಅದೇ ಟೈಟ್ ಎಂಡ್ ಅವನನ್ನ ದಾಟಿ ಓಡಿ ಪಾಸ್ ಹಿಡೀತಾನೆ. ಯಾವ ಕಡೆ ಹೋದ್ರೂ ಕಷ್ಟ. ಆದ್ರೆ ಇದು ನಡೆಯೋದು ಆ ಟೈಟ್ ಎಂಡ್‌ಗೆ ಎರಡೂ ಕೆಲಸ ನಿಜವಾಗ್ಲೂ ಬಂದ್ರೆ ಮಾತ್ರ, ಬರೀ ಕ್ಯಾಚ್ ಹಿಡಿಯೋನಾದ್ರೆ ಡಿಫೆನ್ಸ್ ಅವನನ್ನ ದೊಡ್ಡ ಮೈಯ ರಿಸೀವರ್ ಅಂತಲೇ ಲೆಕ್ಕ ಹಾಕಿ ಸುಮ್ಮನಾಗುತ್ತೆ. ಹಾಗಾಗಿ ನಾನು ಯಾವನನ್ನೇ ಅಳೆಯೋವಾಗ ಮೊದಲು ಕೇಳೋದು, ಇವನು ಒಳಗೆ ಬಂದಾಗ ಎದುರಿನವರು ಯಾರನ್ನ ಬದಲಾಯಿಸ್ತಾರೆ, ಎಲ್ಲಿ ನಿಲ್ಲಿಸ್ತಾರೆ ಅಂತ. ಆಮೇಲೆ ಅವನ ಕ್ವಾರ್ಟರ್‌ಬ್ಯಾಕ್ ಯಾರು, ಅದೇ ಟೀಮಲ್ಲಿ ಬಾಲ್‌ಗೆ ಪಾಲುದಾರರು ಎಷ್ಟು ಜನ ಅಂತ. ಹೋದ ವರ್ಷದ ಕ್ಯಾಚ್ ಲೆಕ್ಕ ಕೊನೆಗೆ.

ಈ ಲೆಕ್ಕದಲ್ಲಿ ಸಡೀಕ್ ಮೊದಲು ಬರ್ತಾನೆ. ಐಡಹೋ ಫಾಲ್ಸ್ ಊರಿನ ಹುಡುಗ, ಲವ್‌ಲ್ಯಾಂಡ್ ಕೂಡ ಐಡಹೋದವನೇ, ಆ ಸಣ್ಣ ರಾಜ್ಯದಿಂದ ಒಂದರ ಹಿಂದೆ ಒಂದು ಇಂಥವರು ಬರ್ತಿರೋದು ಖುಷಿ. ಆರು ಅಡಿ ಮೂರು ಇಂಚು, ಸುಮಾರು 245 ಪೌಂಡ್. ಹೋದ ವರ್ಷದ ಲೆಕ್ಕ 24 ಕ್ಯಾಚ್, 308 ಯಾರ್ಡ್, ಏನೂ ದೊಡ್ಡದಲ್ಲ, ಯಾಕಂದ್ರೆ ಮುಂದೆ ಟೆರೆನ್ಸ್ ಫರ್ಗುಸನ್ ಇದ್ದ, ಈ ಸಲ ಡ್ರಾಫ್ಟ್‌ನಲ್ಲಿ 46ನೇ ನಂಬರಿಗೆ ರ್‍ಯಾಮ್ಸ್‌ಗೆ ಹೋದವನು. ಆದ್ರೆ ಡಿಸೆಂಬರ್‌ನ ಬಿಗ್ ಟೆನ್ ಫೈನಲ್ ನೆನಪಿಸ್ಕೊಳ್ಳಿ, ಪೆನ್ ಸ್ಟೇಟ್ ವಿರುದ್ಧ, 45-37ಕ್ಕೆ ಒರೆಗಾನ್ ಗೆದ್ದಿದ್ದು. ಅವತ್ತು ಅವನಿಗೆ ಎರಡು ಟಚ್‌ಡೌನ್, ಅದರಲ್ಲಿ ಒಂದಕ್ಕೆ ಎದುರಿಗೆ ಬಂದವನ ತಲೆ ಮೇಲಿಂದ ಹಾರಿ ಓಡಿದ್ದ. ಎಲ್ಲರೂ ಆ ಹಾರಿದ್ದನ್ನೇ ಶೇರ್ ಮಾಡಿದ್ರು, ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಅವನು ಅದೇ ಮ್ಯಾಚಲ್ಲಿ ಎಲ್ಲೆಲ್ಲಿ ನಿಂತ ಅನ್ನೋದು, ಒಂದ್ಸಲ ಲೈನ್‌ಗೆ ಅಂಟಿಕೊಂಡು ನೆಲಕ್ಕೆ ಕೈ ಊರಿ, ಇನ್ನೊಂದ್ಸಲ ರಿಸೀವರ್ ಥರ ದೂರ, ಮತ್ತೊಂದ್ಸಲ ಹಿಂದೆ. ಈಗ ಫರ್ಗುಸನ್ ಬಿಟ್ಟುಹೋದ 43 ಕ್ಯಾಚ್ ಖಾಲಿ ಇದೆ, ಟೆಝ್ ಜಾನ್ಸನ್ ಇಲ್ಲ, ಟ್ರೇಶಾನ್ ಹೋಲ್ಡನ್ ಇಲ್ಲ, ಎವನ್ ಸ್ಟೂವರ್ಟ್‌ಗೆ ಮೊಣಕಾಲು ಗಾಯ. ಕ್ವಾರ್ಟರ್‌ಬ್ಯಾಕ್ ಡಾಂಟೆ ಮೂರ್‌ಗೆ ಒರೆಗಾನ್‌ನಲ್ಲಿ ಮೊದಲ ಸಲ ಪೂರ್ತಿ ಜವಾಬ್ದಾರಿ, ಅಂಥವನು ಕಷ್ಟದಲ್ಲಿ ಮೊದಲು ಹುಡುಕೋದು ಮಧ್ಯದಲ್ಲಿ ನಿಂತಿರೋ ದೊಡ್ಡ ಆಸಾಮಿಯನ್ನ. ಜೊತೆಗೆ ಲೂಯಿವಿಲ್‌ನಿಂದ ಜಮಾರಿ ಜಾನ್ಸನ್ ಬಂದಿದ್ದಾನೆ, ಅವನೂ ಟೈಟ್ ಎಂಡೇ, ಮೈಕಟ್ಟು ಸಡೀಕ್‌ಗಿಂತ ದೊಡ್ಡದು. ಮೇಲೆ ಹೇಳಿದ 12 ಪರ್ಸನಲ್ ಆಟ ಈ ಕಾನ್ಫರೆನ್ಸ್‌ನಲ್ಲಿ ಚೆನ್ನಾಗಿ ನೋಡ್ಬೇಕು ಅಂದ್ರೆ ಒರೆಗಾನ್ ಮ್ಯಾಚ್ ನೋಡಿ.

ಕ್ಲೇರ್ ವಿಷಯಕ್ಕೆ ಬರೋಣ, ನಿಮಗೆ ಇದೇ ಮುಖ್ಯ ಅಂತ ಗೊತ್ತು. ಪರ್ಡ್ಯೂನಲ್ಲಿ ಹೋದ ವರ್ಷ 51 ಕ್ಯಾಚ್, 685 ಯಾರ್ಡ್, 4 ಟಚ್‌ಡೌನ್. ಆ ಟೀಮ್ 12ರಲ್ಲಿ ಗೆದ್ದಿದ್ದು ಒಂದೇ ಒಂದು ಮ್ಯಾಚ್, ಪಾಸ್ ಹಿಡಿಯೋಕೆ ಅವನನ್ನ ಬಿಟ್ರೆ ದೊಡ್ಡ ಆಸರೆ ಯಾರೂ ಇರ್ಲಿಲ್ಲ. ಸೋಲೋ ಟೀಮಲ್ಲಿ, ಎಲ್ಲರ ಕಣ್ಣೂ ತನ್ನ ಮೇಲಿರೋವಾಗ, ವಾರ ವಾರವೂ ಹೀಗೆ ಆಡೋದು ಸುಲಭ ಅಲ್ಲ, ಆ ಹುಡುಗನ ಮೇಲೆ ನನಗೆ ತುಂಬ ಗೌರವ ಇದೆ. ಈಗ ಕೊಲಂಬಸ್‌ನಲ್ಲಿ ಅವನ ಪಕ್ಕ ಯಾರಿದ್ದಾರೆ ನೋಡಿ. ಜೆರಮಾಯ ಸ್ಮಿತ್, ಮೊದಲನೇ ವರ್ಷದಲ್ಲೇ 76 ಕ್ಯಾಚ್, 1,315 ಯಾರ್ಡ್, 15 ಟಚ್‌ಡೌನ್. ಕಾರ್ನೆಲ್ ಟೇಟ್ ಇನ್ನೊಂದು ಕಡೆ. ಕ್ವಾರ್ಟರ್‌ಬ್ಯಾಕ್ ಹೊಸಬ, ಜೂಲಿಯನ್ ಸೇಯಿನ್. ಆಫೆನ್ಸ್ ನಡೆಸ್ತಿದ್ದ ಚಿಪ್ ಕೆಲ್ಲಿ ಎನ್‌ಎಫ್‌ಎಲ್‌ಗೆ ಹೋಗಿ ಆ ಜವಾಬ್ದಾರಿ ಬ್ರಯನ್ ಹಾರ್ಟ್‌ಲೈನ್‌ಗೆ ಬಂದಿದೆ, ಅವರು ರಿಸೀವರ್ ಕೋಚ್ ಆಗಿ ಹೆಸರು ಮಾಡಿದವರು. ಹೋದ ಸೀಸನ್‌ನಲ್ಲಿ ಓಹಾಯೋ ಸ್ಟೇಟ್ ರಾಷ್ಟ್ರೀಯ ಚಾಂಪಿಯನ್ ಆಗೋವರೆಗೆ 16 ಮ್ಯಾಚ್ ಆಡ್ತು, ಅಷ್ಟರಲ್ಲಿ ಟೈಟ್ ಎಂಡ್ ಜೀ ಸ್ಕಾಟ್‌ಗೆ ಸಿಕ್ಕಿದ್ದು 27 ಕ್ಯಾಚ್. 2023ರಲ್ಲಿ ಕೇಡ್ ಸ್ಟೋವರ್ ತುಂಬ ಚೆನ್ನಾಗಿ ಆಡಿ, ಮ್ಯಾಕಿ ಅವಾರ್ಡ್‌ನ ಕೊನೆ ಮೂವರಲ್ಲಿ ಒಬ್ಬ ಆದಾಗಲೂ 41 ಕ್ಯಾಚ್, 576 ಯಾರ್ಡ್. ಅಲ್ಲಿನ ಟೈಟ್ ಎಂಡ್‌ಗೆ ಬಾಲ್ ಪಾಲು ಸಿಗೋದೇ ಇಷ್ಟು. ಹಾಗಾಗಿ ಕ್ಲೇರ್ ಈ ವರ್ಷ 51 ದಾಟಲ್ಲ, 40ರ ಆಚೀಚೆ ನಿಲ್ತಾನೆ ಅಂತ ನನ್ನ ಅಂದಾಜು, ಹಾಗಾದ್ರೆ ಅವನು ಸೋತ ಅಂತ ಯಾರಾದ್ರೂ ಬರೆದ್ರೆ ದಯವಿಟ್ಟು ನಂಬಬೇಡಿ. ಸ್ಮಿತ್ ಮೇಲೆ ಇಬ್ಬರು ಬಿದ್ದಾಗ ಮಧ್ಯದಲ್ಲಿ ಖಾಲಿ ಆಗೋ ಜಾಗದಲ್ಲಿ ಥರ್ಡ್ ಡೌನ್‌ಗೆ (ಹತ್ತು ಯಾರ್ಡ್ ದಾಟೋಕೆ ಸಿಗೋ ನಾಲ್ಕು ಯತ್ನದಲ್ಲಿ ಮೂರನೇದು) ಅವನು ಹಿಡಿಯೋ 8-10 ಯಾರ್ಡ್ ಕ್ಯಾಚ್‌ಗಳೇ ಹೊಸ ಕ್ವಾರ್ಟರ್‌ಬ್ಯಾಕ್‌ನ ಉಳಿಸೋದು. ಅವನಿಗಿರೋ ನಿಜವಾದ ಪರೀಕ್ಷೆ ಬ್ಲಾಕಿಂಗ್‌ದು. ಅದಕ್ಕೆ ಅಲ್ಲಿ ವಿಲ್ ಕಾಕ್‌ಮಾರೆಕ್ ಅಂತ ಗಟ್ಟಿ ಮನುಷ್ಯ ಆಗಲೇ ಇದ್ದಾನೆ, ಓಟದ ಆಟಕ್ಕೆ ಕೋಚ್‌ಗಳು ಕ್ಲೇರ್‌ನ ಆಚೆ ಕರೆಸಿ ಕಾಕ್‌ಮಾರೆಕ್‌ನ ಕಳಿಸೋ ಹಾಗಾದ್ರೆ ಡಿಫೆನ್ಸ್‌ಗೆ ಮುಂದೇನು ಅಂತ ಸುಳಿವು ಸಿಕ್ಕಿಬಿಡುತ್ತೆ. ಇಬ್ಬರೂ ಒಟ್ಟಿಗೆ ನಿಲ್ಲೋದು ಜಾಸ್ತಿ ಕಂಡ್ರೆ ಓಹಾಯೋ ಸ್ಟೇಟ್ ಸರಿಯಾದ ದಾರೀಲಿದೆ ಅಂತ ಅರ್ಥ.

ಪೆನ್ ಸ್ಟೇಟ್. ವಾರನ್ ಹೋದ್ಮೇಲೆ ಅಲ್ಲಿ ಆಗಿರೋ ಹಳ್ಳ ಎಷ್ಟು ಆಳ ಅಂತ ತಿಳೀಬೇಕಾದ್ರೆ ಜನವರಿಯ ಆರೆಂಜ್ ಬೌಲ್ ನೋಡ್ಬೇಕು, ನೋಟ್ರ್ ಡೇಮ್ ಎದುರು 27-24ಕ್ಕೆ ಸೋತ ಸೆಮಿಫೈನಲ್. ಅವತ್ತು ಪೆನ್ ಸ್ಟೇಟ್‌ನ ವೈಡ್ ರಿಸೀವರ್‌ಗಳು ಎಲ್ಲ ಸೇರಿ ಹಿಡಿದ ಕ್ಯಾಚ್ ಸೊನ್ನೆ. ಅಂದ್ರೆ ಆ ಆಫೆನ್ಸ್ ಇಡೀ ವಾರನ್ ಭುಜದ ಮೇಲೆ ನಿಂತಿತ್ತು. ಅಕ್ಟೋಬರ್‌ನಲ್ಲಿ ಯುಎಸ್‌ಸಿ ಮೇಲೆ ಒಂದೇ ಮ್ಯಾಚಲ್ಲಿ 17 ಕ್ಯಾಚ್, 224 ಯಾರ್ಡ್, ಅದರಲ್ಲಿ ಒಂದು ಟಚ್‌ಡೌನ್‌ಗೆ ತಾನೇ ಸೆಂಟರ್ ಜಾಗದಲ್ಲಿ ನಿಂತು ಬಾಲ್ ಸ್ನ್ಯಾಪ್ ಮಾಡಿ (ಅಂದ್ರೆ ಆಟ ಶುರು ಮಾಡೋಕೆ ಹಿಂದಕ್ಕೆ ಕೊಟ್ಟು), ಆಮೇಲೆ ಓಡಿಹೋಗಿ ತಾನೇ ಹಿಡಿದ. ಸೆಂಟರ್ ಪಾಸ್ ಹಿಡಿಯೋದು ಹೇಗೆ ಅಂತ ಆಗ ಬಹಳ ಜನ ಕೇಳಿದ್ರು, ಉಳಿದವರನ್ನೆಲ್ಲ ಒಂದೇ ಕಡೆ ನಿಲ್ಲಿಸಿದಾಗ ಸೆಂಟರೇ ಸಾಲಿನ ತುದಿ ಆಗ್ತಾನೆ, ತುದಿಯವನಿಗೆ ಹಿಡಿಯೋ ಹಕ್ಕಿದೆ, ಅಷ್ಟೆ. ಆಫೆನ್ಸ್ ನಡೆಸೋ ಕೋಆರ್ಡಿನೇಟರ್ ಆ್ಯಂಡಿ ಕೊಟೆಲ್ನಿಕಿ ಇನ್ನೂ ಅಲ್ಲೇ ಇದ್ದಾರೆ, ಕ್ವಾರ್ಟರ್‌ಬ್ಯಾಕ್ ಡ್ರೂ ಆಲರ್ ವಾಪಸ್ ಬಂದಿದ್ದಾನೆ, ಹಾಗಾಗಿ ಆಟದ ರೀತಿ ಬದಲಾಗಲ್ಲ. ಲ್ಯೂಕ್ ರೆನಾಲ್ಡ್ಸ್ ಹೈಸ್ಕೂಲಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವನು, ವಾರನ್ ಕೂಡ ಹಾಗೇ ಬಂದವನು, ಇವನನ್ನೂ ಹೋದ ವರ್ಷವೇ ಮಿನ್ನೆಸೋಟ ಎದುರು ಫೇಕ್ ಪಂಟ್‌ನಲ್ಲಿ (ಬಾಲ್ ಒದೆಯೋ ಹಾಗೆ ನಟಿಸೋದು) ಓಡಿಸಿ ನೋಡಿದ್ರು. ಕಲೀಲ್ ಡಿಂಕಿನ್ಸ್ ಬ್ಲಾಕಿಂಗ್‌ಗೆ ಭದ್ರ. ಈ ಶಾಲೆಯ ಟೈಟ್ ಎಂಡ್ ಪರಂಪರೆ ಸುಮ್ಮನೆ ಅಲ್ಲ ಸರ್, ಗೆಸಿಕಿ 2018ರಲ್ಲಿ, ಫ್ರೈಯರ್ಮುತ್ 2021ರಲ್ಲಿ, ಬ್ರೆಂಟನ್ ಸ್ಟ್ರೇಂಜ್ 2023ರಲ್ಲಿ, ಮೂವರೂ ಎರಡನೇ ರೌಂಡಿಗೆ ಹೋದ್ರು, 2024ರಲ್ಲಿ ಥಿಯೋ ಜಾನ್ಸನ್, ಈಗ ವಾರನ್. ಒಬ್ಬ ಹೋದ್ರೆ ಇನ್ನೊಬ್ಬ ತಯಾರಿರ್ತಾನೆ. ಆದ್ರೂ ಈ ಸಲ ಹೊರಗಿಂದ ಹೊಸ ರಿಸೀವರ್‌ಗಳನ್ನ ತಂದಿರೋದ್ರಿಂದ 104 ಕ್ಯಾಚ್ ಒಬ್ಬನಿಗೇ ಹೋಗಲ್ಲ, ಮೂರ್ನಾಲ್ಕು ಜನ ಹಂಚ್ಕೊಳ್ತಾರೆ.

ವೆಲ್ಲಿಂಗ್ ಕಥೆ ಲಿಸ್ಟ್ ನಂಬೋರಿಗೆಲ್ಲ ಗೊತ್ತಿರಬೇಕಾದ್ದು. 2023ರಲ್ಲಿ ಒರೆಗಾನ್ ಸ್ಟೇಟ್‌ನಲ್ಲಿ (ಸಡೀಕ್‌ನ ಒರೆಗಾನ್ ಅಲ್ಲ, ಬೇರೆ ಯೂನಿವರ್ಸಿಟಿ) 29 ಕ್ಯಾಚ್, ಅದರಲ್ಲಿ 8 ಟಚ್‌ಡೌನ್. ಕೋಚ್ ಜೊನಾಥನ್ ಸ್ಮಿತ್ ಜೊತೆಗೇ ಮಿಷಿಗನ್ ಸ್ಟೇಟ್‌ಗೆ ಬಂದಾಗ ಎಲ್ಲರೂ ಅವನನ್ನ ಮೇಲಕ್ಕೆ ಏರಿಸಿದ್ರು. 2024ರಲ್ಲಿ ಕ್ಯಾಚ್ 36ಕ್ಕೆ ಏರ್ತು, ಟಚ್‌ಡೌನ್ ಒಂದಕ್ಕೆ ಇಳೀತು. ಹುಡುಗ ಕೆಟ್ಟೋಗಿರ್ಲಿಲ್ಲ, ಗೋಲ್ ಲೈನ್ ಹತ್ರಕ್ಕೆ ಟೀಮೇ ಅಷ್ಟು ಸಲ ಹೋಗ್ಲಿಲ್ಲ. ಟಚ್‌ಡೌನ್ ಲೆಕ್ಕ ಹೀಗೆ ವರ್ಷದಿಂದ ವರ್ಷಕ್ಕೆ ಜಿಗಿದಾಡುತ್ತೆ, ಅದನ್ನ ಹಿಡ್ಕೊಂಡು ಮುಂದಿನ ವರ್ಷ ಹೇಳೋಕೆ ಆಗಲ್ಲ. ಕ್ವಾರ್ಟರ್‌ಬ್ಯಾಕ್ ಏಡನ್ ಚೈಲ್ಸ್ ಸ್ವಲ್ಪ ಸಮಾಧಾನವಾಗಿ ಆಡಿದ್ರೂ ಸಾಕು, ವೆಲ್ಲಿಂಗ್ ಈ ಸಲ ಮೇಲೆ ಬರ್ತಾನೆ ಅನ್ನೋದು ನನ್ನ ನಂಬಿಕೆ.

ಮಿಷಿಗನ್‌ನಲ್ಲಿ ಲವ್‌ಲ್ಯಾಂಡ್ ಜಾಗಕ್ಕೆ ಬರೋನು ಮಾರ್ಲಿನ್ ಕ್ಲೈನ್, ಜರ್ಮನಿಯ ಕಲೋನ್ ಊರಿಂದ ಬಂದ ಹುಡುಗ. ಅಲ್ಲಿ ಎಲ್ಲ ನಿಂತಿರೋದು ಆಗ ತಾನೇ ಹೈಸ್ಕೂಲ್ ಮುಗಿಸಿ ಬಂದ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಅಂಡರ್‌ವುಡ್ ಮೇಲೆ, ಆದ್ದರಿಂದ ಸಂಖ್ಯೆ ಹೇಳೋ ಧೈರ್ಯ ನಾನು ಮಾಡಲ್ಲ. ಆದ್ರೆ ಅದೇ ಟೀಮಲ್ಲಿ ಮ್ಯಾಕ್ಸ್ ಬ್ರೆಡಿಸನ್ ಅಂತ ಒಬ್ಬ ಇದ್ದಾನೆ, ದಯವಿಟ್ಟು ಅವನನ್ನ ನೋಡಿ. ಸ್ಕಾಲರ್‌ಶಿಪ್ ಇಲ್ಲದೆ ವಾಕ್-ಆನ್ ಆಗಿ ಬಂದವನು, ಹೋದ ವರ್ಷ ಟೀಮ್ ಕ್ಯಾಪ್ಟನ್‌ಗಳಲ್ಲಿ ಒಬ್ಬ ಆದ. ಹಿಂದಿನಿಂದ ಓಡಿಬಂದು ಗೋಡೆ ಒಡೆದ ಹಾಗೆ ಬ್ಲಾಕ್ ಮಾಡ್ತಾನೆ, ಹಿಂದೆ ಬಾಲ್ ಹಿಡಿದು ಬರೋನಿಗೆ ದಾರಿ ತೆರೆದುಕೊಳ್ಳುತ್ತೆ. ಯಾವ ಪ್ರೀಸೀಸನ್ ಲಿಸ್ಟಲ್ಲೂ ಅವನ ಹೆಸರು ಮೇಲಿರಲ್ಲ. ಅದು ನನಗೆ ನಿಜವಾಗ್ಲೂ ಬೇಜಾರು ತರೋ ವಿಷಯ, ಯಾಕಂದ್ರೆ ಅವನ ಜೊತೆ ಆಡೋ ಹುಡುಗರೇ ಅವನನ್ನ ಕ್ಯಾಪ್ಟನ್ ಅಂತ ಒಪ್ಕೊಂಡಿದ್ದಾರೆ, ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಏನು ಬೇಕು.

ಐಯೋವಾ ಹೆಸರು ಹೇಳದೆ ಟೈಟ್ ಎಂಡ್ ಮಾತು ಮುಗಿಯಲ್ಲ. ಡಲಾಸ್ ಕ್ಲಾರ್ಕ್ 2002ರಲ್ಲಿ, ಟಿ.ಜೆ. ಹಾಕೆನ್ಸನ್ 2018ರಲ್ಲಿ ಮ್ಯಾಕಿ ಗೆದ್ರು, 2019ರ ಡ್ರಾಫ್ಟ್‌ನಲ್ಲಿ ಹಾಕೆನ್ಸನ್ 8ನೇ ನಂಬರಿಗೆ, ನೋವಾ ಫ್ಯಾಂಟ್ 20ನೇ ನಂಬರಿಗೆ, ಒಂದೇ ಯೂನಿವರ್ಸಿಟಿಯ ಇಬ್ಬರು ಟೈಟ್ ಎಂಡ್‌ಗಳು ಒಂದೇ ವರ್ಷ ಮೊದಲ ರೌಂಡಿಗೆ ಹೋಗಿದ್ದು ಅದೇ ಮೊದಲು. ಆಮೇಲೆ ಸ್ಯಾಮ್ ಲಾಪೋರ್ಟ. ಈ ಸಲ ಅಲ್ಲಿ ಆ್ಯಡಿಸನ್ ಓಸ್ಟ್ರೆಂಗ. ಸೌತ್ ಡಕೋಟ ಸ್ಟೇಟ್‌ನಿಂದ ಮಾರ್ಕ್ ಗ್ರೊನೌಸ್ಕಿ ಅನ್ನೋ ಅನುಭವಿ ಕ್ವಾರ್ಟರ್‌ಬ್ಯಾಕ್ ಬಂದಿರೋದ್ರಿಂದ ಹೋದೆರಡು ವರ್ಷದ ಹಾಗೆ ಪಾಸಿಂಗ್ ಒಣಗಿ ಹೋಗಲ್ಲ ಅನ್ಸುತ್ತೆ.

ಉಳಿದವರನ್ನ ಬೇಗ ಹೇಳಿಬಿಡ್ತೀನಿ. ಯುಎಸ್‌ಸಿಯಲ್ಲಿ ಲೇಕ್ ಮಕ್ರೀ ಇದ್ದಾನೆ, ಕೋಚ್ ಲಿಂಕನ್ ರೈಲಿ ಓಕ್ಲಹೋಮದಲ್ಲಿದ್ದಾಗ ಅವರ ಆಫೆನ್ಸ್‌ನಲ್ಲೇ ಮಾರ್ಕ್ ಆ್ಯಂಡ್ರೂಸ್ 2017ರ ಮ್ಯಾಕಿ ಗೆದ್ದಿದ್ದು, ಅಂದ್ರೆ ಅವರಿಗೆ ಟೈಟ್ ಎಂಡ್ ಬಳಸೋದು ಗೊತ್ತು, ಮಕ್ರೀ ಗಾಯ ಇಲ್ಲದೆ ಉಳೀಬೇಕು ಅಷ್ಟೆ. ನೆಬ್ರಾಸ್ಕದಲ್ಲಿ ಹೈನ್ರಿಕ್ ಹಾರ್‌ಬರ್ಗ್, ಕ್ವಾರ್ಟರ್‌ಬ್ಯಾಕ್ ಆಗಿದ್ದವನು ಈಗ ಟೈಟ್ ಎಂಡ್, ಓಟದ ಮನುಷ್ಯ, ಬ್ಲಾಕಿಂಗ್ ಕಲಿಯೋಕೆ ಟೈಮ್ ಬೇಕು. ಇಂಡಿಯಾನಾಗೆ ವಿಸ್ಕಾನ್ಸಿನ್‌ನಿಂದ ರೈಲಿ ನೊವಾಕೌಸ್ಕಿ ಬಂದಿದ್ದಾನೆ, ಕೋಚ್ ಸಿಗ್ನೆಟಿ ಥರದವರ ಕೈಗೆ ಇಂಥ ಗಟ್ಟಿ ಆಳು ಸಿಕ್ರೆ ಸರಿಯಾಗಿ ಬಳಸ್ಕೊಳ್ತಾರೆ, ಸದ್ದಿಲ್ಲದೆ ಒಳ್ಳೇ ಸೀಸನ್ ಆಗಬಹುದು. ವಾಷಿಂಗ್ಟನ್‌ನ ಡೆಕರ್ ಡಿಗ್ರಾಫ್ ಇನ್ನೂ ಎರಡನೇ ವರ್ಷದವನು, ಹೆಸರು ನೆನಪಿಟ್ಕೊಳ್ಳಿ.

ನೋಡೋದು ಹೇಗೆ ಅಂದ್ರಾ? ಟಿವಿ ಕ್ಯಾಮೆರಾ ಬಾಲ್ ಹಿಂದೆ ಹೋಗುತ್ತೆ, ನಮ್ಮ ಕಣ್ಣೂ ಹಾಗೇ ಹೋಗುತ್ತೆ. ಸ್ನ್ಯಾಪ್ ಆಗೋ ಮುಂಚೆ ಟೈಟ್ ಎಂಡ್ ಎಲ್ಲಿ ನಿಂತಿದ್ದಾನೆ, ಕೈ ನೆಲಕ್ಕೆ ಊರಿದ್ದಾನಾ ಇಲ್ವಾ ನೋಡಿ, ಆಮೇಲೆ ಮೊದಲ ಎರಡು ಸೆಕೆಂಡ್ ಬಾಲ್ ಬಿಟ್ಟು ಅವನನ್ನೇ ನೋಡಿ. ಒಂದು ಕ್ವಾರ್ಟರ್ ಹೀಗೆ ನೋಡಿದ್ರೆ ಸಾಕು, ಯಾರಿಗೆ ಕೆಲಸ ಗೊತ್ತು ಯಾರಿಗೆ ಗೊತ್ತಿಲ್ಲ ಅಂತ ನಿಮಗೇ ಗೊತ್ತಾಗುತ್ತೆ. ಲಿಸ್ಟ್‌ಗಳ ಬಗ್ಗೆ ಕೇಳಿದ್ರಲ್ಲ, ಸೆಪ್ಟೆಂಬರ್ ಮುಗಿಯೋವರೆಗೆ ಯಾವ ಲಿಸ್ಟನ್ನೂ ಗಂಭೀರವಾಗಿ ತಗೋಬೇಡಿ, ನನ್ನದನ್ನೂ ಸೇರಿಸಿ, ಮೊದಮೊದಲ ಮ್ಯಾಚ್‌ಗಳಲ್ಲಿ ದೊಡ್ಡ ಟೀಮ್‌ಗಳು ಸಣ್ಣವರ ಎದುರು ತಮ್ಮ ಆಟ ಪೂರ್ತಿ ತೋರಿಸಲ್ಲ.

ಓಹಾಯೋ ಸ್ಟೇಟ್ ಮಾತ್ರ ಅದಕ್ಕೆ ಹೊರತು, ಅವರಿಗೆ ಮೊದಲ ಮ್ಯಾಚೇ ಟೆಕ್ಸಸ್ ಜೊತೆ. ಆಗಸ್ಟ್ 30, ಕೊಲಂಬಸ್‌ನಲ್ಲಿ ಮಧ್ಯಾಹ್ನ 12ಕ್ಕೆ, ಮೈಸೂರಲ್ಲಿ ರಾತ್ರಿ ಒಂಬತ್ತೂವರೆ, ನಿದ್ದೆಗೆಡದೇ ಶುರು ನೋಡಬಹುದು. ಸೆಪ್ಟೆಂಬರ್ 27ಕ್ಕೆ ಒರೆಗಾನ್ ಪೆನ್ ಸ್ಟೇಟ್‌ಗೆ ಹೋಗುತ್ತೆ, ಸಡೀಕ್ ಒಂದು ಕಡೆ, ರೆನಾಲ್ಡ್ಸ್ ಇನ್ನೊಂದು ಕಡೆ, ಅದು ನಮ್ಮಲ್ಲಿ ಭಾನುವಾರ ಬೆಳಗಿನ ಜಾವ, ಅಲಾರಂ ಇಟ್ಕೊಳ್ಳಲೇಬೇಕು. ನವೆಂಬರ್ 8ಕ್ಕೆ ಓಹಾಯೋ ಸ್ಟೇಟ್ ಪರ್ಡ್ಯೂಗೆ ಹೋಗೋವಾಗ ಕ್ಲೇರ್ ತನ್ನ ಹಳೇ ಮೈದಾನದಲ್ಲಿ ಎದುರಾಳಿಯಾಗಿ ಆಡ್ತಾನೆ, ಅಷ್ಟೊತ್ತಿಗೆ ಅವನ ಬಗ್ಗೆ ನನ್ನ ಅಂದಾಜು ಸರೀನಾ ತಪ್ಪಾ ಅಂತ ಗೊತ್ತಾಗಿರುತ್ತೆ, ನೀವು ಮತ್ತೆ ಬರೀರಿ.